ಹಾರ್ಟು ಸರಿಯಿದೆ, ಕಾಲಿಗೆ ತ್ರಾಣವಿಲ್ಲ

ಹೃದ್ರೋಗ ಇರುವ ಹಿರಿಯರು ಸೊರಗುತ್ತ ಹೋಗುವುದರ ಬಗ್ಗೆ ಕಾರವಾರ, ಅಂಕೋಲಾ ಕಡೆಯಿಂದ ಬಂದ ಪತ್ರಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಬರೆದವರ ಹೆಸರು ಬಿಟ್ಟಿದ್ದೇನೆ, ಊರು ಉಳಿಸಿಕೊಂಡಿದ್ದೇನೆ.

ಪ್ರಶ್ನೆ: ನನ್ನ ಅಪ್ಪನಿಗೆ 76 ವರ್ಷ. ಹೋದ ವರ್ಷ ಹಾರ್ಟ್ ಅಟ್ಯಾಕ್ ಆಗಿ ಸ್ಟೆಂಟ್ ಹಾಕಿಸಿದೆವು. ಮೊನ್ನೆ ಎಕೋ ಮಾಡಿದಾಗ ಪಂಪಿಂಗ್ ಚೆನ್ನಾಗಿದೆ ಅಂದರು. ಆದರೆ ಮನುಷ್ಯ ಮಾತ್ರ ಇಳಿದೇ ಹೋಗುತ್ತಿದ್ದಾರೆ. ಮೊದಲು ದಿನಾ ಬೆಳಿಗ್ಗೆ ಟ್ಯಾಗೋರ್ ಬೀಚಿಗೆ ಹೋಗಿ ಬರುತ್ತಿದ್ದವರು ಈಗ ಖುರ್ಚಿಯಿಂದ ಏಳಲು ಕೈ ಊರುತ್ತಾರೆ. ಅಂಗಿ ದೊಗಳೆಯಾಗಿದೆ. ನೆಂಟರೆಲ್ಲ "ಹಾರ್ಟಿನ ಪೇಷಂಟು, ರೆಸ್ಟ್ ಮಾಡಲಿ ಬಿಡಿ" ಅನ್ನುತ್ತಾರೆ. ವಯಸ್ಸಾದ ಮೇಲೆ ಇಷ್ಟೇ ಏನು ಡಾಕ್ಟರೇ? (ಕೋಡಿಬಾಗ, ಕಾರವಾರ)

ಉತ್ತರ: ಇಷ್ಟೇ ಅಲ್ಲ. ಎಲ್ಲಕ್ಕೂ ವಯಸ್ಸೇ ಕಾರಣವಾಗಿದ್ದರೆ ಎಪ್ಪತ್ತೈದು ದಾಟಿದವರೆಲ್ಲ ಹೀಗೇ ಇರಬೇಕಿತ್ತು. ನಿಮ್ಮ ಪಕ್ಕದ ಅಂಕೋಲಾದ ಹೊನ್ನಳ್ಳಿಯ ತುಳಸಿ ಗೌಡರು 2021ರಲ್ಲಿ ರಾಷ್ಟ್ರಪತಿ ಭವನದಲ್ಲಿ ಬರಿಗಾಲಲ್ಲಿ ನಡೆದು ಹೋಗಿ ಪದ್ಮಶ್ರೀ ತೆಗೆದುಕೊಂಡಾಗ ಅವರಿಗೂ ಎಪ್ಪತ್ತೈದು ದಾಟಿತ್ತು.

ನಿಮ್ಮ ಅಪ್ಪನ ಸ್ಥಿತಿಗೆ ವೈದ್ಯರು ಫ್ರೇಲ್ಟಿ ಅನ್ನುತ್ತಾರೆ. ಮನೆಯಲ್ಲಿ ‘ತ್ರಾಣ ಇಲ್ಲ’ ಅನ್ನುತ್ತೇವಲ್ಲ, ಅದೇ. ಮಾಂಸಖಂಡ, ಹಸಿವು, ಸಮತೋಲನ, ಎಲ್ಲದರಲ್ಲೂ ದೇಹ ಇಟ್ಟುಕೊಂಡಿದ್ದ ಹೆಚ್ಚುವರಿ ಶಕ್ತಿ ಕರಗಿಹೋಗಿರುತ್ತದೆ. ಆಗ ಸಣ್ಣ ಜ್ವರ ಬಂದರೂ ಹಾಸಿಗೆ ಹಿಡಿಯುತ್ತಾರೆ. 2001ರಲ್ಲಿ ಅಮೆರಿಕದ ಲಿಂಡಾ ಫ್ರೀಡ್ ಮತ್ತು ಸಂಗಡಿಗರು ಇದನ್ನು ಗುರುತಿಸಲು ಐದು ಲಕ್ಷಣ ಹೇಳಿದರು: ಪ್ರಯತ್ನಪಡದೆ ತೂಕ ಇಳಿಯುವುದು, ಸದಾ ಸುಸ್ತು, ಕೈಹಿಡಿತ ಸಡಿಲವಾಗುವುದು, ನಡಿಗೆ ನಿಧಾನವಾಗುವುದು, ಓಡಾಟ ತಗ್ಗುವುದು. ಮೂರು ಇದ್ದರೆ ಫ್ರೇಲ್ಟಿ. ಒಂದೋ ಎರಡೋ ಇದ್ದರೆ ಅದರ ಹೊಸ್ತಿಲಲ್ಲಿ ನಿಂತಿದ್ದಾರೆ ಎಂದರ್ಥ. ಹೃದಯ ಮತ್ತು ರಕ್ತನಾಳಗಳ ಕಾಯಿಲೆ ತಿಳಿಯಲೆಂದು ಸೇರಿಸಿದ್ದ ಹಿರಿಯರ ಗುಂಪನ್ನು ನೋಡಿಯೇ ಅವರು ಈ ಪಟ್ಟಿ ಮಾಡಿದ್ದು. ಹಾರ್ಟ್ ಫೇಲ್ಯೂರ್ ಇರುವವರಲ್ಲಂತೂ ಹೆಚ್ಚುಕಡಿಮೆ ಅರ್ಧದಷ್ಟು ಜನರಲ್ಲಿ ಫ್ರೇಲ್ಟಿ ಇರುತ್ತದೆ. ನಿಮ್ಮ ಪತ್ರದಲ್ಲೇ ತೂಕ ಇಳಿದದ್ದು, ಓಡಾಟ ತಗ್ಗಿದ್ದು, ಶಕ್ತಿ ಕುಂದಿದ್ದು ಕಾಣುತ್ತಿವೆ.

ಎಕೋ ಹೃದಯವನ್ನು ಅಳೆಯುತ್ತದೆ, ಕಾಲನ್ನು ಅಳೆಯುವುದಿಲ್ಲ. ಅದನ್ನು ನೀವೇ ಅಳೆಯಿರಿ. ಜಗಲಿಯಲ್ಲಿ ನಾಲ್ಕು ಮೀಟರ್ ಗುರುತು ಹಾಕಿ, ಅಪ್ಪ ತಮ್ಮ ಮಾಮೂಲಿ ನಡಿಗೆಯಲ್ಲಿ ನಡೆಯಲಿ. ಐದು ಸೆಕೆಂಡಿಗಿಂತ ಹೆಚ್ಚು ಬೇಕಾದರೆ ನಡಿಗೆ ನಿಧಾನವಾಗಿದೆ. ಇನ್ನೊಂದು: ಕೈ ಎದೆಗೆ ಕಟ್ಟಿಕೊಂಡು ಖುರ್ಚಿಯಿಂದ ಐದು ಸಲ ಎದ್ದು ಕೂರಬೇಕು. 15 ಸೆಕೆಂಡ್ ದಾಟಿದರೆ, ಅಥವಾ ಕೈ ಊರದೆ ಏಳಲಾಗದಿದ್ದರೆ, ತೊಡೆಯ ಶಕ್ತಿ ಹೋಗಿದೆ. ಪರೀಕ್ಷೆ ಮಾಡುವಾಗ ಪಕ್ಕದಲ್ಲಿ ಒಬ್ಬರು ನಿಂತಿರಲಿ. ಬಟ್ಟೆ ಹಿಂಡುವುದು, ಬಾಟಲಿ ಮುಚ್ಚಳ ತಿರುಗಿಸುವುದು ಕಷ್ಟವಾಗಿದೆಯೇ ಕೇಳಿ. ಕೈಹಿಡಿತವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಭಾರತವೂ ಸೇರಿ 17 ದೇಶಗಳಲ್ಲಿ ನಡೆದ, 2015ರಲ್ಲಿ ಪ್ರಕಟವಾದ ಪ್ಯೂರ್ ಅಧ್ಯಯನದಲ್ಲಿ ಹಿಡಿತ ಪ್ರತಿ 5 ಕಿಲೋ ಕಡಿಮೆಯಾದಂತೆ ಸಾವಿನ ಅಪಾಯ ಶೇ 16ರಷ್ಟು ಏರಿದ್ದು ಕಂಡುಬಂತು.

ಈಗ ನೆಂಟರ ಸಲಹೆ. ಸ್ಟೆಂಟ್ ಹಾಕಿದ ಮೊದಲ ಕೆಲವು ದಿನ ಮಾತ್ರ ಆ ಮಾತು ಸರಿ. ವರ್ಷವಾದ ಮೇಲೂ ‘ರೆಸ್ಟ್’ ಅಂದರೆ ಅದು ಕಾಲು ತಿನ್ನುವ ರೋಗ. 2007ರ ಒಂದು ಪ್ರಯೋಗದಲ್ಲಿ ಆರೋಗ್ಯವಂತ ಹಿರಿಯರನ್ನು ಹತ್ತು ದಿನ ಹಾಸಿಗೆಯಲ್ಲಿ ಮಲಗಿಸಿ ನೋಡಿದಾಗ ಕಾಲುಗಳಿಂದಲೇ ಸುಮಾರು ಒಂದು ಕಿಲೋ ಮಾಂಸಖಂಡ ಕರಗಿತ್ತು. ಅವರು ಆರೋಗ್ಯವಂತರು! ಹೃದಯ ಕಾಯಲು ಹೋಗಿ ಕಾಲು ಕಳೆದುಕೊಂಡವರನ್ನೇ ನಾನು ಹೆಚ್ಚು ನೋಡುತ್ತೇನೆ.

ಹಾಗೆಂದು ನಾಳೆಯೇ ಬೀಚಿಗೆ ಓಡಿಸಬೇಡಿ. ಹೃದಯ ವೈದ್ಯರನ್ನು ಒಮ್ಮೆ ಕೇಳಿ. ಅವರು ಒಪ್ಪಿದರೆ ನಡಿಗೆಗಿಂತ ಮೊದಲು ಎದ್ದು ಕೂರುವುದರಿಂದ ಶುರುಮಾಡಿ: ಗೋಡೆಗೆ ಒತ್ತಿಟ್ಟ ಗಟ್ಟಿ ಖುರ್ಚಿ, ಐದು ಸಲ, ಬೆಳಿಗ್ಗೆ ಸಂಜೆ. ಕೈ ಊರಿದರೂ ಪರವಾಗಿಲ್ಲ. ವಾರದ ಮೇಲೆ ಎರಡು ಸಲ ಹೆಚ್ಚಿಸಿ. ಕಿಟಕಿಯ ಸರಳು ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು, ಒಂಟಿ ಕಾಲಲ್ಲಿ ಕೆಲವು ಕ್ಷಣ ನಿಲ್ಲುವುದು, ಆಮೇಲೆ ನಡಿಗೆ. ನಡೆಯುತ್ತ ಮಾತಾಡಲು ಆಗುತ್ತಿರಬೇಕು. ಮಾತು ತುಂಡಾದರೆ ವೇಗ ಇಳಿಸಿ. ಎದೆ ಬಿಗಿತ, ತಲೆಸುತ್ತು ಬಂದರೆ ಅಲ್ಲಿಗೇ ನಿಲ್ಲಿಸಿ. ಇದು ಬರೀ ಸಮಾಧಾನದ ಮಾತಲ್ಲ. 2021ರಲ್ಲಿ ಪ್ರಕಟವಾದ ರಿಹ್ಯಾಬ್-ಎಚ್‌ಎಫ್ ಎಂಬ ಪ್ರಯೋಗದಲ್ಲಿ ಹಾರ್ಟ್ ಫೇಲ್ಯೂರ್ ಹೆಚ್ಚಾಗಿ ಆಸ್ಪತ್ರೆ ಸೇರಿದ 349 ಹಿರಿಯರಿದ್ದರು. ಬಹುತೇಕ ಎಲ್ಲರೂ ಫ್ರೇಲ್ ಅಥವಾ ಅದರ ಹೊಸ್ತಿಲಲ್ಲಿದ್ದವರು. ಶಕ್ತಿ, ಸಮತೋಲನ, ನಡಿಗೆ, ದಣಿವು ತಡೆದುಕೊಳ್ಳುವುದು ಈ ನಾಲ್ಕನ್ನೂ ಒಬ್ಬೊಬ್ಬರಿಗೆ ತಕ್ಕಂತೆ ಕಲಿಸಿದ ಗುಂಪಿನವರು ಮೂರು ತಿಂಗಳಲ್ಲಿ ಉಳಿದವರಿಗಿಂತ ಚೆನ್ನಾಗಿ ನಡೆಯುತ್ತಿದ್ದರು.

ಇನ್ನೊಂದು ಮಾತು. ತ್ರಾಣ ಹೋಗಲು ಬೇರೆ ಕಳ್ಳರೂ ಇರುತ್ತಾರೆ. ಹಿಮೋಗ್ಲೋಬಿನ್, ಥೈರಾಯ್ಡ್, ಬಿ12, ಸಕ್ಕರೆ ನೋಡಿಸಿ. ಹಲ್ಲು ಹೋಗಿ ಅಗಿಯಲಾಗದೆ ಊಟ ಬಿಟ್ಟಿರಬಹುದು. ಹಾರ್ಟ್ ಅಟ್ಯಾಕ್ ಆದಮೇಲೆ ಮನಸ್ಸು ಕುಗ್ಗಿ ಮೂಲೆ ಹಿಡಿಯುವವರೂ ಬಹಳ. "ಅಪ್ಪಾ, ಯಾಕೆ ಹೊರಗೆ ಹೋಗಲ್ಲ?" ಎಂದು ನೀವು ಕೇಳಿದ್ದೀರಾ, ಪತ್ರದಲ್ಲಿ ಅದಿಲ್ಲ.

ಪ್ರಶ್ನೆ: ನಮ್ಮ ಅತ್ತೆಗೆ 81. ಹಾರ್ಟ್ ಫೇಲ್ಯೂರ್ ಇದೆ, ಕಾಲು ಬಾವು ಬರುತ್ತದೆ. ತೀರಾ ಸುಸ್ತಾದಾಗ ಹತ್ತಿರದ ಕ್ಲಿನಿಕ್ಕಿನಲ್ಲಿ ಒಂದು ಸಲಾಯಿನ್ ಹಾಕಿಸಿಕೊಂಡು ಬರುತ್ತೇವೆ. ಅವತ್ತು ಸ್ವಲ್ಪ ಗೆಲುವಾಗಿರುತ್ತಾರೆ. ತೂಕ ಮೊದಲಿನಷ್ಟೇ ಇದೆ, ಹಾಗಾಗಿ ಸೊರಗಿಲ್ಲ ಅಂದುಕೊಂಡಿದ್ದೇವೆ. (ಅಂಕೋಲಾ)

ಉತ್ತರ: ಸಲಾಯಿನ್ ನಿಲ್ಲಿಸಿ. ಅರ್ಧ ಲೀಟರಿನ ಒಂದು ನಾರ್ಮಲ್ ಸಲಾಯಿನ್ ಬಾಟಲಿಯಲ್ಲಿ ನಾಲ್ಕೂವರೆ ಗ್ರಾಂ ಉಪ್ಪಿರುತ್ತದೆ. ಇಡೀ ದಿನಕ್ಕೆ ಐದು ಗ್ರಾಮಿಗಿಂತ ಕಡಿಮೆ ಸಾಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಆರೋಗ್ಯವಂತರಿಗೆ. ನೀವು ಅಡುಗೆಯಲ್ಲಿ ಉಪ್ಪು ಬಿಗಿಹಿಡಿದು, ನರದ ಮೂಲಕ ಒಂದು ದಿನದ ಉಪ್ಪನ್ನೂ ಅರ್ಧ ಲೀಟರ್ ನೀರನ್ನೂ ಮೊದಲೇ ಸೋತ ಹೃದಯದ ಮೇಲೆ ಹೇರುತ್ತಿದ್ದೀರಿ. ಅವತ್ತಿನ ಗೆಲುವಿಗೆ ಕಾರಣ ಬಾಟಲಿಯೋ ಸೊಸೆ ಆಟೋದಲ್ಲಿ ಕೂರಿಸಿಕೊಂಡು ಹೋದದ್ದೋ, ನನಗೆ ಅನುಮಾನವಿದೆ. ವಾಂತಿ ಭೇದಿಯಾಗಿ ನಿಜವಾಗಿ ನೀರು ಕಳೆದುಕೊಂಡಾಗ ಸಲಾಯಿನ್ ಬೇಕಾಗಬಹುದು. ಆದರೆ ಅದನ್ನು ಅವರ ಹೃದಯದ ಕತೆ ಗೊತ್ತಿರುವ ವೈದ್ಯರು ನಿರ್ಧರಿಸಲಿ.

ತೂಕದ ಲೆಕ್ಕ ನಿಮ್ಮನ್ನು ಮೋಸ ಮಾಡಿದೆ. ಹಾರ್ಟ್ ಫೇಲ್ಯೂರಿನಲ್ಲಿ ಮಾಂಸ ಕರಗುತ್ತಿರುತ್ತದೆ, ಆ ಜಾಗದಲ್ಲಿ ನೀರು ತುಂಬುತ್ತಿರುತ್ತದೆ. ತಕ್ಕಡಿ ಎರಡನ್ನೂ ಕೂಡಿ ಒಂದೇ ಸಂಖ್ಯೆ ತೋರಿಸುತ್ತದೆ. ಅದಕ್ಕೇ ಬಾವು ಬರುವ ಕಾಲನ್ನು ಬಿಟ್ಟು ಮೇಲೆ ನೋಡಿ: ರವಿಕೆಯ ತೋಳು ಸಡಿಲವಾಗಿದೆಯೇ, ಬಳೆ ಮೊಣಕೈವರೆಗೆ ಸರಿಯುತ್ತದೆಯೇ, ಹಣೆಯ ಪಕ್ಕ ಗುಳಿ ಬಿದ್ದಿದೆಯೇ. ಬಾವು ಇಳಿದ ದಿನ ನಿಜವಾದ ಅತ್ತೆ ಎಷ್ಟು ಸಣ್ಣಗಾಗಿದ್ದಾರೆಂದು ಕಂಡು ಗಾಬರಿಯಾಗುವ ಮನೆಗಳು ಅನೇಕ.

ಆದರೂ ತೂಕ ನೋಡುವುದನ್ನು ಬಿಡಬೇಡಿ. ದಿನಾ ಬೆಳಿಗ್ಗೆ ಮೂತ್ರಕ್ಕೆ ಹೋಗಿ ಬಂದಮೇಲೆ, ತಿಂಡಿಗೆ ಮೊದಲು, ಒಂದೇ ತಕ್ಕಡಿಯಲ್ಲಿ ನೋಡಿ ಕ್ಯಾಲೆಂಡರಿನಲ್ಲಿ ಬರೆಯಿರಿ. ಮೂರು ದಿನದಲ್ಲಿ ಎರಡು ಕಿಲೋ ಏರಿದರೆ ಅದು ನೀರು, ವೈದ್ಯರಿಗೆ ತಿಳಿಸಿ. ತಿಂಗಳುಗಟ್ಟಲೆ ಮೆಲ್ಲಗೆ ಇಳಿಯುತ್ತಿದ್ದರೆ ಅದು ಅತ್ತೆಯ ಸ್ವಂತ ತೂಕ. ಅದನ್ನೂ ತಿಳಿಸಿ. ಮೈಕೈ ನೋವಿಗೆಂದು ಅಂಗಡಿಯಿಂದ ಡೈಕ್ಲೋಫೆನಾಕ್‌ನಂಥ ಮಾತ್ರೆ ತರುವ ರೂಢಿ ಇದ್ದರೆ ಅದೂ ಬೇಡ. ಅವು ಉಪ್ಪು ನೀರನ್ನು ದೇಹದಲ್ಲೇ ಹಿಡಿದಿಡುತ್ತವೆ, ಕಿಡ್ನಿಗೂ ಕೆಡುಕು.

ಪ್ರಶ್ನೆ: ನಿವೃತ್ತ ಶಿಕ್ಷಕ, 74 ವರ್ಷ, ಬೈಪಾಸ್ ಆಗಿದೆ. ಮಗಳು ಉಪ್ಪು ಬಿಡಿಸಿದ್ದಾಳೆ, ಮೀನು ಬಿಡಿಸಿದ್ದಾಳೆ, ಕಾಯಿ ಬಿಡಿಸಿದ್ದಾಳೆ. ಎರಡು ಹೊತ್ತೂ ಗಂಜಿ, ಬೇಯಿಸಿದ ತರಕಾರಿ. ಎಂಟು ತಿಂಗಳಲ್ಲಿ ಆರು ಕಿಲೋ ಇಳಿದಿದ್ದೇನೆ, ಈಗ 55. ಡಾಕ್ಟರ್ ಮಾತ್ರ "ತೂಕ ಇಳಿದದ್ದು ಒಳ್ಳೆಯದೇ" ಅಂದರು. ಬದುಕಿನಲ್ಲಿ ರುಚಿಯೇ ಉಳಿದಿಲ್ಲ. (ಬೇಲೇಕೇರಿ)

ಉತ್ತರ: ಮಾಸ್ತರೇ, ಮಗಳಿಗೆ ಈ ಪುಟ ತೋರಿಸಿ. ಆಕೆಯ ಕಾಳಜಿ ದೊಡ್ಡದು, ಕತ್ತರಿಯೂ ದೊಡ್ಡದಾಯಿತು. ನಲವತ್ತೈದರ ಬೊಜ್ಜಿನವರಿಗೆ ತೂಕ ಇಳಿಸುವುದು ಔಷಧ. ಎಪ್ಪತ್ನಾಲ್ಕರಲ್ಲಿ, ಬಯಸದೆ, 61 ಕಿಲೋದಿಂದ 55ಕ್ಕೆ ಬರುವುದು ಎಚ್ಚರಿಕೆಯ ಗಂಟೆ. ವರ್ಷದಲ್ಲಿ ನಾಲ್ಕೂವರೆ ಕಿಲೋ ಇಳಿದರೂ ಫ್ರೇಲ್ಟಿಯ ಲೆಕ್ಕಕ್ಕೆ ಬರುತ್ತದೆ. ಯಾಕೆ ಇಳಿಯಿತು ಎಂದು ತಪಾಸಣೆಯೂ ಆಗಲಿ. ಎಲ್ಲವನ್ನೂ ಗಂಜಿಯ ತಲೆಗೆ ಕಟ್ಟಬಾರದು.

ಮೊದಲು ಉಪ್ಪು. 1930ರಲ್ಲಿ ಉಪ್ಪಿಗಾಗಿ ಸತ್ಯಾಗ್ರಹ ಮಾಡಿದ ತಾಲೂಕಿನವರಿಗೆ ಉಪ್ಪು ಬಿಡಿ ಅನ್ನಲು ನನಗೂ ಅಳುಕೇ. ಪೂರ್ತಿ ಬಿಡಬೇಕಾಗಿಯೂ ಇಲ್ಲ. ಆರು ದೇಶಗಳ 800ಕ್ಕೂ ಹೆಚ್ಚು ಹಾರ್ಟ್ ಫೇಲ್ಯೂರ್ ರೋಗಿಗಳ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಸೋಡಿಯಂ-ಎಚ್‌ಎಫ್ ಪ್ರಯೋಗದಲ್ಲಿ, ಸೋಡಿಯಂ ಅನ್ನು ತೀರಾ ಬಿಗಿಯಾಗಿ ಕಡಿತ ಮಾಡಿದವರಲ್ಲಿ ಸಾವಾಗಲಿ ಆಸ್ಪತ್ರೆ ಸೇರುವುದಾಗಲಿ ಕಡಿಮೆಯಾಗಲಿಲ್ಲ. ಅತಿ ಬೇಡ, ಅಷ್ಟೇ. ಅಡುಗೆಗೆ ಹಿತಮಿತವಾಗಿ ಹಾಕಲಿ, ತಟ್ಟೆಯ ಬದಿಗೆ ಬೇಡ. ಉಪ್ಪಿನಕಾಯಿ, ಹಪ್ಪಳ, ಒಣಮೀನು ಇವೇ ನಿಜವಾದ ಉಪ್ಪಿನ ಮೂಟೆಗಳು. ಕೋಕಂ, ನಿಂಬೆ, ಕಾಳುಮೆಣಸು, ಬೆಳ್ಳುಳ್ಳಿ ಇದ್ದರೆ ಉಪ್ಪಿನ ಕೊರತೆ ಅಷ್ಟು ಗೊತ್ತಾಗುವುದಿಲ್ಲ. ಅಂಗಡಿಯಲ್ಲಿ ಸಿಗುವ ‘ಲೋ ಸೋಡಿಯಂ’ ಉಪ್ಪನ್ನು ಮಾತ್ರ ವೈದ್ಯರನ್ನು ಕೇಳದೆ ತರಬೇಡಿ. ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ. ಹೃದಯಕ್ಕೆ, ಬಿಪಿಗೆ ಕೊಡುವ ಕೆಲವು ಮಾತ್ರೆಗಳ ಜೊತೆ ಅದು ಸೇರಿದರೆ ರಕ್ತದಲ್ಲಿ ಪೊಟ್ಯಾಸಿಯಂ ಅಪಾಯದ ಮಟ್ಟಕ್ಕೆ ಏರಬಹುದು.

ಮೀನು ಬಿಡಿಸಿದ್ದು ಯಾವ ಶಾಸ್ತ್ರದಲ್ಲಿದೆಯೋ ಕಾಣೆ. ನಿಮ್ಮ ವಯಸ್ಸಿನವರಿಗೆ ಕಿಲೋ ತೂಕಕ್ಕೆ ಒಂದರಿಂದ 1.2 ಗ್ರಾಮಿನಷ್ಟು ಪ್ರೋಟೀನ್ ಬೇಕು, ಅಂದರೆ ನಿಮಗೆ ದಿನಕ್ಕೆ 55ರಿಂದ 66 ಗ್ರಾಂ. ಗಂಜಿ, ತರಕಾರಿಯಲ್ಲಿ ಅದರ ಅರ್ಧವೂ ಸಿಗುವುದಿಲ್ಲ. ನೂರು ಗ್ರಾಂ ಬಂಗಡೆ ಅಥವಾ ತಾರ್ಲೆಯಲ್ಲಿ ಸುಮಾರು 20 ಗ್ರಾಂ, ಒಂದು ಮೊಟ್ಟೆಯಲ್ಲಿ ಆರು, ಒಂದು ಲೋಟ ಹಾಲಿನಲ್ಲಿ ಆರೇಳು. ತಾರ್ಲೆ ಬಂಗಡೆಯ ಎಣ್ಣೆ ಹೃದಯಕ್ಕೆ ಒಳ್ಳೆಯದೇ. ಆಳವಾದ ಎಣ್ಣೆಯಲ್ಲಿ ಹುರಿಯುವ ಬದಲು ಸಾರು ಮಾಡಲಿ, ತವಾದ ಮೇಲೆ ಬೇಯಿಸಲಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ ಇರುವಾಗ ಹಸಿಮೀನು ಸಿಗುವುದು ಕಷ್ಟ, ಆಗಲೇ ಒಣಮೀನಿನ ಡಬ್ಬ ತೆರೆಯುವುದು. ಆ ಎರಡು ತಿಂಗಳು ಮೊಟ್ಟೆ, ಮೊಳಕೆ ಬರಿಸಿದ ಹೆಸರುಕಾಳು, ತೊವ್ವೆ, ಮೊಸರಿನ ಕಡೆ ತಿರುಗಿ. ಪ್ರೋಟೀನನ್ನು ಒಂದೇ ಊಟಕ್ಕೆ ತುರುಕದೆ ಮೂರು ಹೊತ್ತಿಗೂ ಹಂಚಿ. ಕಿಡ್ನಿ ತೊಂದರೆ ಇದ್ದರೆ ಈ ಅಳತೆ ಬದಲಾಗುತ್ತದೆ, ಕ್ರಿಯಾಟಿನಿನ್ ವರದಿ ತೋರಿಸಿ ಕೇಳಿಕೊಳ್ಳಿ.

ಕಾಯಿಯ ವಿಷಯದಲ್ಲಿ ನನ್ನ ಅಭಿಪ್ರಾಯ ಹೇಳುತ್ತೇನೆ, ಎಲ್ಲ ವೈದ್ಯರೂ ಒಪ್ಪಲಿಕ್ಕಿಲ್ಲ. ತೂಕ ಇಳಿಯುತ್ತಿರುವ ಹಿರಿಯರ ಸಾರಿನಿಂದ ಕಾಯಿ ತೆಗೆದು ಸಿಗುವ ಲಾಭಕ್ಕಿಂತ, ಊಟವೇ ಸೇರದೆ ಆಗುವ ನಷ್ಟ ದೊಡ್ಡದು. ಕಡಿಮೆ ಹಾಕಲಿ, ಆದರೆ ಹಾಕಲಿ.

ಪ್ರಶ್ನೆ: ಹಾಸಿಗೆಯಿಂದ ಎದ್ದ ಕೂಡಲೇ ಕಣ್ಣು ಕತ್ತಲೆ ಬರುತ್ತದೆ. ಬಚ್ಚಲಲ್ಲಿ ಎರಡು ಸಲ ಬಿದ್ದಿದ್ದೇನೆ. ಬಿಪಿ ನೋಡಿದರೆ ಸರಿಯಿದೆ ಅನ್ನುತ್ತಾರೆ. ಬಿಪಿ, ಹಾರ್ಟು, ಪ್ರಾಸ್ಟೇಟು ಎಲ್ಲ ಸೇರಿ ದಿನಕ್ಕೆ ಹನ್ನೊಂದು ಮಾತ್ರೆ. (ಕಾರವಾರ)

ಉತ್ತರ: ಕೂರಿಸಿ ನೋಡಿದ ಬಿಪಿ ಸರಿಯಿರಬಹುದು. ಮಲಗಿಸಿ ಒಮ್ಮೆ, ಎದ್ದು ನಿಂತ ಮೇಲೆ ಮೂರು ನಿಮಿಷದೊಳಗೆ ಇನ್ನೊಮ್ಮೆ ನೋಡಿಸಿ. ಮೇಲಿನ ಸಂಖ್ಯೆ 20, ಅಥವಾ ಕೆಳಗಿನದು 10 ಇಳಿದರೆ ಕಾರಣ ಸಿಕ್ಕಿತು. ಪ್ರಾಸ್ಟೇಟಿನ ಕೆಲವು ಮಾತ್ರೆಗಳು ಬಿಪಿಯನ್ನೂ ಇಳಿಸುತ್ತವೆ. ನೀರು ಇಳಿಸುವ ಮಾತ್ರೆಯೂ ಕರಾವಳಿಯ ಏಪ್ರಿಲ್, ಮೇ ಬೆವರೂ ಕೂಡಿದರೆ ಇನ್ನಷ್ಟು. ನೀವಾಗಿ ಯಾವುದನ್ನೂ ನಿಲ್ಲಿಸಬೇಡಿ, ಕೆಲವನ್ನು ಥಟ್ಟನೆ ಬಿಟ್ಟರೆ ಹೃದಯಕ್ಕೇ ಪೆಟ್ಟು. ಹನ್ನೊಂದನ್ನೂ, ನಾಟಿ ಔಷಧವನ್ನೂ, ನೋವಿನ ಮಾತ್ರೆಯನ್ನೂ ಒಂದೇ ಚೀಲದಲ್ಲಿ ಹಾಕಿಕೊಂಡು ಹೋಗಿ ಒಬ್ಬರೇ ವೈದ್ಯರ ಮೇಜಿನ ಮೇಲೆ ಸುರಿಯಿರಿ. "ಇದರಲ್ಲಿ ಯಾವುದು ಬೇಡ?" ಎಂದು ಕೇಳಿ. ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುತ್ತಿದ್ದು ಬಿದ್ದಾಗ ತಲೆಗೆ ಪೆಟ್ಟಾಗಿದ್ದರೆ, ಹೊರಗೆ ಗಾಯ ಕಾಣದಿದ್ದರೂ ಅವತ್ತೇ ಆಸ್ಪತ್ರೆಗೆ ಹೋಗಬೇಕು. ಬಚ್ಚಲಿಗೊಂದು ಹಿಡಿಕೆ ಹಾಕಿಸಿ. ಮಳೆಗಾಲದಲ್ಲಿ ಚಿರೆಕಲ್ಲಿನ ಮೆಟ್ಟಿಲ ಪಾಚಿಯನ್ನು ಮನೆಯವರು ಉಜ್ಜಿ ತೆಗೆಯಲಿ.

ಪ್ರಶ್ನೆ: ಅಮ್ಮನಿಗೆ 79. ಹೃದಯದ ಕವಾಟ ಕಿರಿದಾಗಿದೆ, ನಡೆದರೆ ದಮ್ಮು. ಎದೆ ತೆರೆಯುವ ಆಪರೇಷನ್ ತಡೆದುಕೊಳ್ಳಲಾರರು, ತೊಡೆಯ ರಕ್ತನಾಳದಿಂದ ಹೊಸ ಕವಾಟ ಕೂರಿಸಬಹುದು, ಆದರೆ ಹಲವು ಲಕ್ಷ ಬೇಕು ಅಂದರು. ಅಷ್ಟು ವೀಕ್ ಇರುವವರಿಗೆ ಮಾಡಿಸಿ ಪ್ರಯೋಜನವಿದೆಯೇ? ನಾನು ಗೋವಾದಲ್ಲಿ ಕೆಲಸದಲ್ಲಿದ್ದೇನೆ. (ಸದಾಶಿವಗಡ)

ಉತ್ತರ: ಮೊದಲೇ ಒಂದು ಎಚ್ಚರಿಕೆ: ಮೊದಲ ಪತ್ರಕ್ಕೆ ಹೇಳಿದ ಖುರ್ಚಿ ವ್ಯಾಯಾಮವನ್ನು ನಿಮ್ಮ ಅಮ್ಮನಿಗೆ ಮಾಡಿಸಬೇಡಿ. ಕವಾಟ ಬಹಳ ಕಿರಿದಾಗಿ ದಮ್ಮು ಬರುತ್ತಿರುವಾಗ ಶ್ರಮಪಟ್ಟರೆ ಎಚ್ಚರ ತಪ್ಪಿ ಬೀಳಬಹುದು. ಅವರ ಮಿತಿಯನ್ನು ಹೃದ್ರೋಗ ತಜ್ಞರೇ ಹೇಳಬೇಕು.

ತೊಡೆಯ ದಾರಿಯಿಂದ ಕವಾಟ ಕೂರಿಸುವ ಟಾವಿ ಎಂಬ ವಿಧಾನ 2002ರಲ್ಲಿ ಫ್ರಾನ್ಸಿನ ರೂಆಂ ನಗರದಲ್ಲಿ ಅಲೇನ್ ಕ್ರಿಬಿಯೆ ಅವರಿಂದ ಶುರುವಾದದ್ದೇ, ಶಸ್ತ್ರಚಿಕಿತ್ಸೆ ಸಾಧ್ಯವಿಲ್ಲದಷ್ಟು ನಿತ್ರಾಣವಾಗಿದ್ದ ರೋಗಿಗಾಗಿ. ಆದ್ದರಿಂದ ‘ವೀಕ್’ ಅನ್ನುವುದೊಂದೇ ಕಾರಣಕ್ಕೆ ಬಾಗಿಲು ಮುಚ್ಚುವುದಿಲ್ಲ. ನಿತ್ರಾಣ ಎಲ್ಲಿಂದ ಬಂತು ಅನ್ನುವುದು ಮುಖ್ಯ. ಎರಡು ವರ್ಷದ ಹಿಂದೆ ಅಮ್ಮ ಅಡುಗೆ, ಅಂಗಳ, ಸಂತೆ ಎಲ್ಲ ಮಾಡಿಕೊಂಡಿದ್ದು, ಕವಾಟ ಕೆಟ್ಟಮೇಲೆ ಕುಸಿದಿದ್ದರೆ, ಕವಾಟ ಸರಿಯಾದಾಗ ಬಹಳಷ್ಟು ಮರಳಿ ಬರಬಹುದು. ಅದಕ್ಕೂ ಮೊದಲೇ ಮರೆವು ಬಲಿತು, ಹಾಸಿಗೆ ಹಿಡಿದು, ಬೇರೆ ಅಂಗಗಳೂ ಸೋತಿದ್ದರೆ, ಹೊಸ ಕವಾಟ ಚೆನ್ನಾಗಿ ಕೆಲಸ ಮಾಡುತ್ತದೆ, ಅಮ್ಮ ಮಾತ್ರ ಏಳುವುದಿಲ್ಲ. ತಜ್ಞರ ಬಳಿ ಹೋದಾಗ ಖರ್ಚನ್ನು ಕೇಳುವ ಮೊದಲು ಇದನ್ನು ಕೇಳಿ: "ಇದಾದ ಮೇಲೆ ಅಮ್ಮ ಬಚ್ಚಲಿಗೆ ತಾವೇ ಹೋಗಬಲ್ಲರೇ?" ಉತ್ತರ ಹೌದಾದರೆ ಖರ್ಚಿನ ಮಾತು, ಸರ್ಕಾರಿ ಯೋಜನೆಗಳ ಮಾತು. ಅಮ್ಮನಿಗೆ ಏನು ಬೇಕು ಎಂದೂ ಕೇಳಿ. ಗೋವಾದಿಂದ ಫೋನಿನಲ್ಲಿ ಅಲ್ಲ, ಒಂದು ದಿನ ರಜೆ ಹಾಕಿ ಬಂದು ಪಕ್ಕದಲ್ಲಿ ಕೂತು.

ಪ್ರಶ್ನೆ: ನಮ್ಮ ಜಿಲ್ಲೆಯಲ್ಲಿ ದೊಡ್ಡ ಆಸ್ಪತ್ರೆಯಿಲ್ಲ. ಮಣಿಪಾಲ, ಹುಬ್ಬಳ್ಳಿ, ಗೋವಾ ಅಂತ ಓಡಬೇಕು. ಮಳೆಗಾಲದಲ್ಲಿ ಅದೂ ಇಲ್ಲ. ಮನೆಯಲ್ಲಿ ಹಾರ್ಟಿನ ಮುದುಕರಿಬ್ಬರು. ಏನು ತಯಾರಿ ಮಾಡಿಕೊಳ್ಳಬೇಕು? (ಅಂಕೋಲಾ)

ಉತ್ತರ: ನಿಮ್ಮ ಭಯಕ್ಕೆ ಆಧಾರವಿದೆ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಕುಮಟಾ, ಮಣಿಪಾಲದ ಕಡೆಯ ಹೆದ್ದಾರಿ ಮುಚ್ಚಿತು. ಮೂರು ವಾರ ಕಳೆದು ಆಗಸ್ಟ್ 7ರಂದು ಗೋವಾ ದಿಕ್ಕಿನಲ್ಲಿ ಕಾಳಿ ನದಿಯ ಹಳೆಯ ಸೇತುವೆ ಬಿತ್ತು. ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಬೇಕೆಂಬ ಕೂಗು ನ್ಯಾಯವಾದದ್ದು, ಅದನ್ನು ಬಿಡಬೇಡಿ. ಆದರೆ ಇವತ್ತು ಬರೆದ ಬಹುಪಾಲು ಸಂಗತಿಗೆ ದೊಡ್ಡ ಆಸ್ಪತ್ರೆ ಬೇಕಿಲ್ಲ. ಖುರ್ಚಿ, ತಕ್ಕಡಿ, ಗಡಿಯಾರ, ಮೊಟ್ಟೆ ಎಲ್ಲ ಅಂಕೋಲಾದಲ್ಲೇ ಸಿಗುತ್ತವೆ. ಕೇಂದ್ರ ಸರ್ಕಾರ 2010ರಲ್ಲಿ ಶುರುಮಾಡಿದ ಹಿರಿಯರ ಆರೋಗ್ಯ ಕಾರ್ಯಕ್ರಮದಂತೆ ಜಿಲ್ಲಾಸ್ಪತ್ರೆಯಲ್ಲಿ ಹಿರಿಯರಿಗೆ ಪ್ರತ್ಯೇಕ ಸೇವೆ, ಫಿಸಿಯೋಥೆರಪಿ ಇರಬೇಕು. ಕಾರವಾರಕ್ಕೆ ಹೋದಾಗ ಕೇಳಿ ಪಡೆಯಿರಿ.

ಮೇ ಮುಗಿಯುವುದರೊಳಗೆ ಒಂದು ತಿಂಗಳಿನ ಹೆಚ್ಚುವರಿ ಮಾತ್ರೆ ಮನೆಯಲ್ಲಿರಲಿ. ಫ್ಲೂ ಮತ್ತು ನ್ಯುಮೋನಿಯಾ ಲಸಿಕೆಯ ಬಗ್ಗೆ ವೈದ್ಯರನ್ನು ಕೇಳಿ. ನಿತ್ರಾಣವಾದ ಹೃದ್ರೋಗಿಯನ್ನು ಮಳೆಗಾಲದ ಒಂದು ಕಫದ ಜ್ವರವೇ ಕೆಡವಿಬಿಡಬಲ್ಲದು. ಮಳೆಯೆಂದು ನಾಲ್ಕು ತಿಂಗಳು ಕೂರಿಸಬೇಡಿ, ಜಗಲಿಯಲ್ಲೇ ನಡೆಸಿ. ಕೊನೆಯ ಇಸಿಜಿ, ಎಕೋ ವರದಿ, ಮಾತ್ರೆ ಪಟ್ಟಿಯ ಫೋಟೋ ಮನೆಯ ಎರಡು ಮೊಬೈಲುಗಳಲ್ಲಿರಲಿ. ಹೊರ ರಾಜ್ಯದ ಆಸ್ಪತ್ರೆಗೆ ಹೋದಾಗ ಹಳೆಯ ಇಸಿಜಿ ಒಂದೇ ಅರ್ಧ ಕೆಲಸ ಮಾಡುತ್ತದೆ.

ಹಾರ್ಟ್ ಅಟ್ಯಾಕ್ ಅನ್ನಿಸಿದರೆ ನೇರ ಮಣಿಪಾಲಕ್ಕೆ ಕಾರು ತಿರುಗಿಸಬೇಡಿ. 108ಕ್ಕೆ ಕರೆಮಾಡಿ, ಮೊದಲು ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಇಸಿಜಿ ಆಗಲಿ. ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆಯಲ್ಲಿ ತಾಲೂಕು, ಜಿಲ್ಲಾ ಆಸ್ಪತ್ರೆಗಳ ಇಸಿಜಿಯನ್ನು ದೂರದ ತಜ್ಞರು ನೋಡಿ, ಅಗತ್ಯವಿದ್ದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ಕೊಡುವ ವ್ಯವಸ್ಥೆ ಇದೆ. ನಿಮ್ಮ ತಾಲೂಕು ಆಸ್ಪತ್ರೆಯಲ್ಲಿ ಅದು ರಾತ್ರಿಯೂ ಸಿಗುತ್ತದೆಯೇ ಎಂದು ಈ ವಾರವೇ ಹೋಗಿ ವಿಚಾರಿಸಿ. ಎಲ್ಲರಿಗೂ ಸಿನಿಮಾದಲ್ಲಿ ತೋರಿಸುವಂತೆ ಎದೆ ಹಿಡಿದುಕೊಳ್ಳುವಷ್ಟು ನೋವು ಬರುವುದಿಲ್ಲ. ಎಪ್ಪತ್ತೈದು ದಾಟಿದವರಲ್ಲಿ, ಅದರಲ್ಲೂ ಸಕ್ಕರೆ ಕಾಯಿಲೆ ಇದ್ದವರಲ್ಲಿ, ಒಮ್ಮೆಲೇ ಬಂದ ದಮ್ಮು, ತಣ್ಣನೆ ಬೆವರು, ಇದ್ದಕ್ಕಿದ್ದಂತೆ ಕೈಕಾಲು ಸೋತುಬರುವುದು, ಮಾತು ತಪ್ಪಿ ಗೊಂದಲವಾಗುವುದು, ಇಷ್ಟೇ ಇರಬಹುದು. ಎದೆನೋವು ಇಲ್ಲವಲ್ಲ ಎಂದು ಬೆಳಗಾಗುವವರೆಗೆ ಕಾಯಬೇಡಿ.